ಮಣ್ಣು ಬೆಚ್ಚಗಿರುವಾಗಲೇ: ಬಿಸಿಲ ಸೀಮೆಯಲ್ಲಿ ಶರತ್ಕಾಲದ ಕೈತೋಟ

ಹಿಮ ಬೀಳುವ ದೇಶಗಳಲ್ಲಿ ಶರತ್ಕಾಲ ಬಂತೆಂದರೆ ತೋಟದ ಬಾಗಿಲು ಹಾಕುವ ಹೊತ್ತು. ಒಣಗಿದ್ದನ್ನು ಕತ್ತರಿಸಿ, ಮಡಿಗಳಿಗೆ ಹೊದಿಕೆ ಹೊದಿಸಿ, ಸಲಕರಣೆ ತೊಳೆದು ಒಳಗಿಡುತ್ತಾರೆ. ತೋಟಗಾರಿಕೆಯ ಪುಸ್ತಕಗಳು ಬಹಳಷ್ಟು ಅಂಥ ಹವೆಯನ್ನೇ ಕಣ್ಣೆದುರು ಇಟ್ಟುಕೊಂಡು ಬರೆದವು. ಬಿಸಿಲ ಸೀಮೆಯವರು ಅದನ್ನೇ ಪಾಲಿಸಿದರೆ ವರ್ಷದಲ್ಲೇ ಒಳ್ಳೆಯ ಬಿತ್ತನೆಯ ಕಾಲ ಕೈತಪ್ಪುತ್ತದೆ. ಇಲ್ಲಿ ಬೇಸಿಗೆಯ ಝಳ ಇಳಿದ ಮೇಲೂ ಮಣ್ಣು ಹಲವು ವಾರ ಬೆಚ್ಚಗೇ ಇರುತ್ತದೆ, ಗಾಳಿ ಮಾತ್ರ ತಂಪಾಗುತ್ತದೆ. ಎಲೆಗಳಿಂದ ನೀರು ಅಷ್ಟಾಗಿ ಆವಿಯಾಗುವುದಿಲ್ಲ, ಬೇರು ಚುರುಕಾಗಿ ಹರಡುತ್ತದೆ. ಈ ಎರಡೂ ಕೂಡಿ ಬರುವ ಆರೆಂಟು ವಾರಗಳಲ್ಲಿ ನೆಟ್ಟ ಗಿಡ ಮುಂದಿನ ಬೇಸಿಗೆಯನ್ನು ಗಟ್ಟಿ ಬೇರಿನೊಂದಿಗೆ ಎದುರಿಸುತ್ತದೆ.

ಉತ್ತರ ಗೋಳಾರ್ಧದಲ್ಲಿ ಈ ಕಾಲ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ, ದಕ್ಷಿಣ ಗೋಳಾರ್ಧದಲ್ಲಿ ಮಾರ್ಚ್ ಕೊನೆಯಿಂದ ಮೇವರೆಗೆ. ತಿಂಗಳ ಹೆಸರು ಬರೀ ಅಂದಾಜಿಗೆ. ಬಿತ್ತುವ ದಿನವನ್ನು ಮಣ್ಣನ್ನೇ ಕೇಳಿ ತಿಳಿಯಬೇಕು. ಬೆಳಿಗ್ಗೆ ಎಂಟು ಒಂಬತ್ತು ಗಂಟೆಯ ಹೊತ್ತಿಗೆ 10 ಸೆಂ.ಮೀ. ಆಳಕ್ಕೆ ಥರ್ಮಾಮೀಟರ್ ಚುಚ್ಚಿ, ಎರಡು ನಿಮಿಷ ಬಿಟ್ಟು ಓದಿ. ಹೀಗೆ ಮೂರು ದಿನ ನೋಡಿ ಸರಾಸರಿ ಹಿಡಿಯಿರಿ. 30 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಲೆಟಿಸ್, ಪಾಲಕ್ ಬೀಜಕ್ಕೆ ಕೈ ಹಚ್ಚಬೇಡಿ. ಕಾವು ಹೆಚ್ಚಾದರೆ ಲೆಟಿಸ್ ಬೀಜ ಮೊಳೆಯುವುದನ್ನೇ ನಿಲ್ಲಿಸಿ ಮಲಗಿಬಿಡುತ್ತದೆ. ಬೀಜ ಕೆಟ್ಟದ್ದೆಂದು ಜನ ಬಿಸಾಡುವುದು ಹೆಚ್ಚಾಗಿ ಇದೇ ಕಾರಣಕ್ಕೆ. 25ರಿಂದ 30 ಡಿಗ್ರಿಯಲ್ಲಿ ಮೂಲಂಗಿ, ಬೀಟ್‌ರೂಟ್, ಕ್ಯಾರೆಟ್, ಕೋಸಿನ ಜಾತಿಯವು ಚೆನ್ನಾಗಿ ಮೊಳೆಯುತ್ತವೆ. ಬಟಾಣಿ ಮೊಳೆಯಲು ಅಷ್ಟು ತಕರಾರು ಮಾಡದು, ಆದರೆ ಹೂ ಬಿಡುವ ಹೊತ್ತಿಗೆ ತಂಪು ಬೇಕು. ಹಗಲು 28–30 ಡಿಗ್ರಿ ಇದ್ದರೆ ಹೂ ಉದುರುತ್ತದೆ. ಆದ್ದರಿಂದ ಬಟಾಣಿಯನ್ನು ಎಲ್ಲದರ ಕೊನೆಗೆ ಬಿತ್ತಿ.

ಮೊದಲು ನೆಲದ ದಣಿವು ನೋಡಿ

ಬೆಚ್ಚನೆಯ ಹವೆಯಲ್ಲಿ ಎರಡು ಬಗೆ. ಒಂದು, ಬೇಸಿಗೆಯ ಬೆನ್ನಿಗೇ ಮಳೆ ಸುರಿದು ಶರತ್ಕಾಲಕ್ಕೆ ಹೊಳವಾಗುವ ಕಡೆ. ಇನ್ನೊಂದು, ಬೇಸಿಗೆಯೆಲ್ಲ ಒಣಗಿ ಶರತ್ಕಾಲಕ್ಕೆ ಮೊದಲ ಮಳೆ ಕಾಣುವ ಕಡೆ. ಎರಡೂ ಕಡೆ ನೆಲ ದಣಿದಿರುತ್ತದೆ, ಆದರೆ ದಣಿವು ಬೇರೆ, ಮದ್ದೂ ಬೇರೆ. ಒಂದರ ಸಲಹೆಯನ್ನು ಇನ್ನೊಂದಕ್ಕೆ ಹಚ್ಚುವುದರಿಂದಲೇ ಅರ್ಧ ತಪ್ಪುಗಳು ಹುಟ್ಟುತ್ತವೆ.

ಮಳೆ ಹೊಡೆದ ನೆಲದಲ್ಲಿ ಮೇಲ್ಮಣ್ಣು ಹೆಪ್ಪುಗಟ್ಟಿ ಗಟ್ಟಿಯಾಗಿರುತ್ತದೆ. ನೀರಲ್ಲಿ ಕರಗುವ ಸಾರಜನಕ, ಗಂಧಕ, ಬೋರಾನ್ ಇಳಿದು ಹೋಗಿರುತ್ತವೆ. ಕಳೆ ಬೀಜ ಕಟ್ಟುವ ಹಂತದಲ್ಲಿರುತ್ತದೆ. ಇಲ್ಲಿ ಮೊದಲ ಕೆಲಸ ಕಳೆ ಕೀಳುವುದು, ಅದೂ ಬೀಜ ಬಲಿಯುವ ಮುಂಚೆ. ಆಮೇಲೆ ಮುಳ್ಳುಗುದ್ದಲಿಯನ್ನು 20–25 ಸೆಂ.ಮೀ. ಆಳಕ್ಕೆ ಇಳಿಸಿ, ಹಿಡಿಯನ್ನು ಹಿಂದಕ್ಕೆ ಜಗ್ಗಿ ಮಣ್ಣನ್ನು ಸಡಿಲಿಸಿ. ಮೇಲಿನದನ್ನು ಕೆಳಕ್ಕೆ ಮಗುಚಬೇಡಿ. ಮಗುಚಿದರೆ ಆಳದಲ್ಲಿ ಮಲಗಿದ್ದ ಕಳೆಬೀಜಕ್ಕೆ ಬೆಳಕು ತೋರಿಸಿದಂತಾಗುತ್ತದೆ.

ಒಣಗಿ ಬೆಂದ ನೆಲದ ಕಥೆ ಬೇರೆ. ಅಲ್ಲಿ ಮಣ್ಣಿಗೆ ನೀರು ಕುಡಿಯುವ ಅಭ್ಯಾಸವೇ ತಪ್ಪಿರುತ್ತದೆ: ಸುರಿದ ನೀರು ಹನಿಯಾಗಿ ಉರುಳಿ ಬದುವಿಗೆ ಹರಿಯುತ್ತದೆ. ಒಮ್ಮೆಲೇ ಕೊಡದೆ, ಅರ್ಧ ಗಂಟೆ ಬಿಡುವು ಕೊಟ್ಟು ಮೂರು ಸಲ ತೆಳುವಾಗಿ ಹಾಯಿಸಿ. ಮೊದಲನೆಯದು ಮೇಲ್ಮೈ ನೆನೆಸುತ್ತದೆ, ಎರಡನೆಯದು ದಾರಿ ಮಾಡುತ್ತದೆ, ಮೂರನೆಯದು ಒಳಗಿಳಿಯುತ್ತದೆ. ಮಣ್ಣಿನ ಮೇಲೆ ಬಿಳಿ ಪುಡಿಯಂಥ ಪದರ, ಎಲೆಯ ಅಂಚಿನಲ್ಲಿ ಸುಟ್ಟ ಗುರುತು ಕಂಡರೆ ಅದು ಬೇಸಿಗೆಯ ನೀರು ಬಿಟ್ಟುಹೋದ ಉಪ್ಪು. ಅದನ್ನು ತೊಳೆದು ಕೆಳಗಿಳಿಸಬೇಕು. ಒಂದು ಚದರ ಮೀಟರಿಗೆ 150 ಲೀಟರ್ ನೀರು, ಅಂದರೆ 15 ಸೆಂ.ಮೀ. ಎತ್ತರದಷ್ಟು, ನಿಧಾನವಾಗಿ ಇಂಗಿಸಿದರೆ ಬೇರಿನ ವಲಯದ ಉಪ್ಪು ಸುಮಾರು ಅರ್ಧಕ್ಕಿಳಿಯುತ್ತದೆ. 300 ಲೀಟರ್ ಇಂಗಿಸಿದರೆ ಹತ್ತರಲ್ಲಿ ಎಂಟು ಪಾಲು ಹೋಗುತ್ತದೆ. ನೀರು ಕೆಳಗೆ ಬಸಿಯುವ ನೆಲದಲ್ಲಿ ಮಾತ್ರ ಈ ಲೆಕ್ಕ ನಡೆಯುವುದು. ಬಸಿಯದಿದ್ದರೆ ಮೊದಲು ಬಸಿಗಾಲುವೆ ತೆಗೆಯಿರಿ. ಗೊಬ್ಬರ ಹಾಕುವುದು ಉಪ್ಪು ತೊಳೆದ ಮೇಲೆ. ಮೊದಲೇ ಹಾಕಿದರೆ ಗೊಬ್ಬರದ ಸಾರವೂ ಉಪ್ಪಿನ ಜೊತೆ ಇಳಿದುಹೋಗುತ್ತದೆ.

ಹಳೆಯ ಗಿಡ ಕಿತ್ತಾಗ ಬೇರು ತಿರುಗಿಸಿ ನೋಡಿ

ಬೇಸಿಗೆಯ ಟೊಮೆಟೊ, ಬೆಂಡೆ, ಸೌತೆ ಬಳ್ಳಿ ಕಿತ್ತು ಹಾಗೆಯೇ ಗೊಬ್ಬರದ ಗುಂಡಿಗೆ ಎಸೆಯಬೇಡಿ. ಬೇರಿಗೆ ನೀರು ಹೊಯ್ದು ಮಣ್ಣು ತೊಳೆದು ನೋಡಿ. ಬೇರು ಅಲ್ಲಲ್ಲಿ ಉಬ್ಬಿ ಮಣಿ ಪೋಣಿಸಿದಂತೆ ಗಂಟುಗಂಟಾಗಿದ್ದರೆ ಅದು ಬೇರುಗಂಟು ಜಂತುಹುಳುವಿನ ಕೆಲಸ. ಬೆಚ್ಚನೆಯ ಮರಳು ಮಣ್ಣಿನಲ್ಲಿ ಇದರ ಹಾವಳಿ ಹೆಚ್ಚು. ಬಟಾಣಿ, ಬೀನ್ಸ್ ಬೇರಿನಲ್ಲೂ ಗಂಟು ಇರುತ್ತದೆ, ಆದರೆ ಅದು ಸಾರಜನಕ ಹಿಡಿಯುವ ಒಳ್ಳೆಯ ಗಂಟು. ಗುರುತಿಸುವುದು ಸುಲಭ: ಒಳ್ಳೆಯ ಗಂಟನ್ನು ಉಗುರಿನಿಂದ ತಳ್ಳಿದರೆ ಬೇರಿನಿಂದ ಕಳಚಿ ಬೀಳುತ್ತದೆ; ಜಂತುಹುಳುವಿನ ಗಂಟು ಬೇರೇ ಊದಿಕೊಂಡದ್ದು, ಬಿಡಿಸಲು ಬಾರದು.

ಜಂತುಹುಳು ಕಂಡ ಮಡಿಯಲ್ಲಿ ಆ ಬೇರುಗಳನ್ನೆಲ್ಲ ಆಯ್ದು ತೋಟದಿಂದಾಚೆಗೆ ಹಾಕಿ. ಅಲ್ಲಿ ಕ್ಯಾರೆಟ್ ಬಿತ್ತಬೇಡಿ, ಗಡ್ಡೆ ಕವಲೊಡೆದು ವಿಕಾರವಾಗುತ್ತದೆ. ಚೆಂಡುಹೂವನ್ನು ಮಡಿ ತುಂಬ ಒತ್ತಾಗಿ, 20 ಸೆಂ.ಮೀ. ಅಂತರದಲ್ಲಿ ನೆಟ್ಟು ಕಡಿಮೆಯೆಂದರೆ ಎರಡು ತಿಂಗಳು ಬಿಡಿ. ಅದರ ಬೇರಿನಲ್ಲಿರುವ ವಸ್ತು ಜಂತುಹುಳುವನ್ನು ತಗ್ಗಿಸುತ್ತದೆ. ತರಕಾರಿ ಸಾಲಿನ ನಡುವೆ ಅಲ್ಲೊಂದು ಇಲ್ಲೊಂದು ಚೆಂಡುಹೂ ನೆಟ್ಟರೆ ನೋಟಕ್ಕೆ ಚೆಂದ, ಜಂತುಹುಳುವಿಗೆ ಅದರಿಂದ ಏನೂ ಆಗುವುದಿಲ್ಲ.

ಬದನೆ ಮತ್ತು ಮೆಣಸಿನ ಗಿಡಗಳನ್ನು ಕೀಳಲು ಆತುರ ಬೇಡ. ಕಾಂಡ ಗಟ್ಟಿಯಾಗಿದ್ದು ಎಲೆ ಮುರುಟುವ ನಂಜುರೋಗ ಇಲ್ಲದಿದ್ದರೆ, ನೆಲದಿಂದ 25–30 ಸೆಂ.ಮೀ. ಬಿಟ್ಟು ಮೇಲಿನದನ್ನು ಕತ್ತರಿಸಿ, ಬುಡ ಕೆದಕಿ ಎರಡು ಬೊಗಸೆ ಕಳಿತ ಗೊಬ್ಬರ ಹಾಕಿ ನೀರು ಕೊಡಿ. ಆರೇಳು ವಾರದಲ್ಲಿ ಹೊಸ ಕವಲಿನಲ್ಲಿ ಮತ್ತೆ ಕಾಯಿ. ಎಲೆ ಮುರುಟಿ ಹಳದಿಯಾದ ಗಿಡವನ್ನು ಮಾತ್ರ ಉಳಿಸಬೇಡಿ. ಆ ನಂಜು ಬಿಳಿನೊಣದ ಮೂಲಕ ಹೊಸ ಸಸಿಗಳಿಗೆ ಹಬ್ಬುತ್ತದೆ.

ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗೆಡ್ಡೆ ಇವು ನಾಲ್ಕೂ ಒಂದೇ ಕುಟುಂಬದ ಗಿಡಗಳು. ಅವು ಬೆಳೆದ ಮಡಿಗೆ ಈ ಸಲ ಬಟಾಣಿ, ಈರುಳ್ಳಿ ಅಥವಾ ಸೊಪ್ಪು.

ಹದ, ಗೊಬ್ಬರ, ಮಡಿ

ಅಗೆಯುವ ಮುನ್ನ ಹದ ನೋಡಿ. 10 ಸೆಂ.ಮೀ. ಕೆಳಗಿನ ಮಣ್ಣು ಒಂದು ಹಿಡಿ ತೆಗೆದು ಗಟ್ಟಿಯಾಗಿ ಅದುಮಿ. ಉಂಡೆಯನ್ನು ಹೆಬ್ಬೆರಳಿಂದ ಒತ್ತಿದಾಗ ಪುಡಿಪುಡಿಯಾಗಿ ಒಡೆದರೆ ಹದ ಬಂದಿದೆ. ಒಡೆಯದೆ ತಗ್ಗು ಬಿದ್ದರೆ ಇನ್ನೂ ಹಸಿ. ಎರಡು ಮೂರು ದಿನ ತಡೆಯಿರಿ. ಜೇಡಿ ಮಣ್ಣನ್ನು ಹಸಿಯಲ್ಲಿ ಅಗೆದರೆ ಹೆಂಟೆ ಒಣಗಿ ಇಟ್ಟಿಗೆಯಂತಾಗುತ್ತದೆ, ಇಡೀ ಹಂಗಾಮು ಆ ಮಡಿ ಸುಧಾರಿಸುವುದಿಲ್ಲ.

ಮಡಿಯ ಅಗಲ 1 ರಿಂದ 1.2 ಮೀಟರ್ ಇರಲಿ. ಎರಡೂ ಬದಿಯಿಂದ ಕೈ ನಡುವಿಗೆ ಮುಟ್ಟಬೇಕು, ಮಡಿಯ ಮೇಲೆ ಯಾರೂ ಕಾಲಿಡಬಾರದು. ಮಳೆ ಇನ್ನೂ ಬರಬಹುದಾದ ಕಡೆ 15 ಸೆಂ.ಮೀ. ಎತ್ತರದ ಏರುಮಡಿ ಮಾಡಿ. ಒಣ ಹವೆಯಲ್ಲಿ ಏರುಮಡಿ ಬೇಗ ಒಣಗುತ್ತದೆ, ಅಲ್ಲಿ ನೆಲಮಟ್ಟದ ಮಡಿಯೇ ಮೇಲು.

ಕಳಿತ ಗೊಬ್ಬರ 2.5 ಸೆಂ.ಮೀ. ದಪ್ಪ ಹರಡಿದರೆ ಚದರ ಮೀಟರಿಗೆ 25 ಲೀಟರ್ ಬೇಕಾಗುತ್ತದೆ, ಅಂದರೆ ದೊಡ್ಡ ಬಕೆಟ್ಟಿನಲ್ಲಿ ಎರಡು. ಮೇಲಿನ 10–15 ಸೆಂ.ಮೀ. ಮಣ್ಣಿಗಷ್ಟೇ ಬೆರೆಸಿ. ಕೋಸು, ಹೂಕೋಸಿನ ಮಡಿಗೆ ಇದರ ಒಂದೂವರೆ ಪಾಲು ಹಾಕಬಹುದು. ಕ್ಯಾರೆಟ್, ಮೂಲಂಗಿಗೆ ಹೊಸದಾಗಿ ಏನೂ ಬೇಡ. ಹಿಂದಿನ ಬೆಳೆಗೆ ಹಾಕಿದ್ದೇ ಸಾಕು. ಹಸಿ ಗೊಬ್ಬರ ಸಿಕ್ಕಿದರೆ ಗಡ್ಡೆ ಕವಲೊಡೆಯುತ್ತದೆ, ಮೈಮೇಲೆ ಕೂದಲು ಬೇರು ಬಿಡುತ್ತದೆ. ಗೊಬ್ಬರ ಕಳಿತಿದೆಯೋ ಇಲ್ಲವೋ ಎಂದು ಮೂಗೇ ಹೇಳುತ್ತದೆ: ಮಳೆ ಬಿದ್ದ ಮಣ್ಣಿನ ವಾಸನೆಯಿದ್ದರೆ ಹಾಕಿ, ಮೂಗಿಗೆ ಹೊಡೆಯುವ ಘಾಟಿದ್ದರೆ ಇನ್ನೊಂದು ತಿಂಗಳು ಬಿಡಿ.

ಹುಳಿ ಮಣ್ಣಾಗಿದ್ದರೆ, ಅಂದರೆ ಪಿಎಚ್ 6ಕ್ಕಿಂತ ಕೆಳಗಿದ್ದರೆ ಕೃಷಿ ಸುಣ್ಣ ಹಾಕಲು ಇದೇ ಕಾಲ. ಅದು ಮಣ್ಣಲ್ಲಿ ಕೆಲಸ ಮಾಡಲು ಎರಡು ಮೂರು ತಿಂಗಳು ಬೇಕು. ಸುಣ್ಣವನ್ನೂ ಹಸಿ ಗೊಬ್ಬರವನ್ನೂ ಒಟ್ಟಿಗೆ ಬೆರೆಸಬೇಡಿ, ಗೊಬ್ಬರದ ಸಾರಜನಕ ಅಮೋನಿಯ ಆಗಿ ಹಾರಿಹೋಗುತ್ತದೆ. ನಡುವೆ ಮೂರು ನಾಲ್ಕು ವಾರ ಅಂತರವಿರಲಿ. ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಸುರಿಯುವುದು ತಪ್ಪು. ಹೆಚ್ಚಾದ ಸುಣ್ಣವನ್ನು ಹಿಂದೆಗೆಯುವುದು ಬಹಳ ಕಷ್ಟ, ಕಬ್ಬಿಣದ ಕೊರತೆಯಿಂದ ಎಲೆ ಹಳದಿಯಾಗಿ ವರ್ಷಗಟ್ಟಲೆ ಕಾಡುತ್ತದೆ.

ಬಿತ್ತನೆ: ಕಾವಿನಿಂದ ಬೀಜವನ್ನು ಕಾಪಾಡುವ ಬಗೆ

ಶರತ್ಕಾಲದ ಬಿತ್ತನೆ ಸೋಲುವುದು ಮೊದಲ ಹತ್ತು ದಿನಗಳಲ್ಲಿ. ಬಿಸಿಲಿಗೆ ಮೇಲಿನ ಒಂದು ಸೆಂ.ಮೀ. ಮಣ್ಣು ಮಧ್ಯಾಹ್ನದೊಳಗೆ ಒಣಗುತ್ತದೆ. ಮೊಳಕೆ ಒಡೆದ ಬೀಜ ಅಲ್ಲೇ ಸಾಯುತ್ತದೆ. ಸಂಜೆ ನೀರು ಹಾಕಿ ಬೀಜ ಏಳಲಿಲ್ಲವೆಂದು ಬೈಯುವವರು ಮಧ್ಯಾಹ್ನ ಎರಡು ಗಂಟೆಗೆ ಮಡಿಯನ್ನು ಮುಟ್ಟಿ ನೋಡಬೇಕು.

ಹೀಗೆ ಮಾಡಿ. ಬಿತ್ತುವ ಹಿಂದಿನ ದಿನ ಮಡಿಯನ್ನು 15 ಸೆಂ.ಮೀ. ಆಳಕ್ಕೆ ನೆನೆಸಿ. ಮರುದಿನ ಸಂಜೆ ಸಾಲು ಗೀರಿ, ಸಾಲಿಗೇ ನೀರು ಹೊಯ್ದು, ಬೀಜ ಉದುರಿಸಿ, ಒಣ ಗೊಬ್ಬರದ ಪುಡಿಯಿಂದ ಮುಚ್ಚಿ. ಮಣ್ಣಿನಿಂದ ಮುಚ್ಚಿದರೆ ಹೆಪ್ಪುಗಟ್ಟುತ್ತದೆ, ಗೊಬ್ಬರದ ಪುಡಿ ಹಗುರ. ಆಳ ಬೀಜದ ದಪ್ಪದ ಎರಡು ಮೂರು ಪಟ್ಟು: ಲೆಟಿಸ್ ಅರ್ಧ ಸೆಂ.ಮೀ. ದಾಟಬಾರದು, ಅದಕ್ಕೆ ಬೆಳಕೂ ಬೇಕು. ಕ್ಯಾರೆಟ್ ಅರ್ಧದಿಂದ ಒಂದು, ಮೂಲಂಗಿ ಒಂದು, ಬೀಟ್‌ರೂಟ್ ಎರಡು, ಬಟಾಣಿ ಮೂರು ನಾಲ್ಕು ಸೆಂ.ಮೀ. ಕ್ಯಾರೆಟ್ ಸಾಲಿನ ಮೇಲೆ ಒದ್ದೆ ಗೋಣಿಚೀಲ ಹಾಸಿ. ಅದು ಮೊಳೆಯಲು ಹತ್ತರಿಂದ ಹದಿನೈದು ದಿನ ತೆಗೆದುಕೊಳ್ಳುತ್ತದೆ. ಐದನೆಯ ದಿನದಿಂದ ಬೆಳಿಗ್ಗೆ ಸಂಜೆ ಗೋಣಿ ಎತ್ತಿ ನೋಡಿ. ಮೊದಲ ಮೊಳಕೆ ಕಂಡ ಸಂಜೆಯೇ ತೆಗೆದುಬಿಡಬೇಕು. ಒಂದು ದಿನ ತಡವಾದರೂ ಮೊಳಕೆ ಬಿಳಿಚಿ ಗೋಣಿಯ ನೂಲಿಗೆ ಹೆಣೆದುಕೊಳ್ಳುತ್ತದೆ. ಕೊತ್ತಂಬರಿ ಬೀಜವನ್ನು ಎರಡು ಹೋಳಾಗುವಂತೆ ಮೆಲ್ಲಗೆ ಉಜ್ಜಿ ಬಿತ್ತಿ. ಒಂದೊಂದು ಹೋಳಿನಲ್ಲೂ ಒಂದು ಬೀಜವಿರುತ್ತದೆ.

ಮೊಳೆತ ಮೇಲೆ ತೆಳುಗೊಳಿಸಲು ಮನಸ್ಸು ಬಾರದವರೇ ಹೆಚ್ಚು. ಕ್ಯಾರೆಟ್ ಗಿಡದಿಂದ ಗಿಡಕ್ಕೆ 5 ಸೆಂ.ಮೀ., ಮೂಲಂಗಿಗೆ 6–7, ಬೀಟ್‌ರೂಟ್‌ಗೆ 8–10 ಬೇಕೇ ಬೇಕು. ಬೀಟ್‌ರೂಟ್‌ನ ಒಂದು ಬೀಜವೆಂದು ಕಾಣುವುದು ಹಲವು ಬೀಜಗಳ ಗುಚ್ಛ. ಎಷ್ಟೇ ಅಂತರ ಕೊಟ್ಟು ಬಿತ್ತಿದರೂ ಗುಂಪಾಗಿ ಏಳುತ್ತವೆ. ಕೀಳದೆ ಸಣ್ಣ ಕತ್ತರಿಯಿಂದ ಮಣ್ಣಮಟ್ಟಕ್ಕೆ ಕತ್ತರಿಸಿ, ಪಕ್ಕದ ಬೇರು ಅಲುಗದು.

ಕೋಸು, ಹೂಕೋಸು, ಟೊಮೆಟೊ, ಈರುಳ್ಳಿಗಳಿಗೆ ಸಸಿ ಮಾಡಿಕೊಳ್ಳಿ. ಜರಡಿ ಹಿಡಿದ ಕಾಂಪೋಸ್ಟ್, ತೆಂಗಿನ ನಾರಿನ ಪುಡಿ, ದಪ್ಪ ಮರಳು ಸಮಪಾಲು. ನಾರಿನ ಪುಡಿಯನ್ನು ಎರಡು ಸಲ ಸಿಹಿನೀರಲ್ಲಿ ತೊಳೆದು ಹಿಂಡಿ, ಅದರಲ್ಲಿ ಉಪ್ಪಿರಬಹುದು. ಸಸಿಗಳು ಬುಡದಲ್ಲಿ ನೀರುಗಟ್ಟಿ, ದಾರದಂತೆ ಸಣ್ಣಗಾಗಿ, ಬಾಗಿ ಬಿದ್ದರೆ ಅದು ಬುಡ ಕೊಳೆ ರೋಗ. ಒತ್ತಾಗಿ ಬಿತ್ತಿದ್ದು, ಗಾಳಿಯಾಡದ್ದು, ಸಂಜೆ ನೀರು ಹೊಯ್ದು ರಾತ್ರಿಯಿಡೀ ಹಸಿಯಾಗಿಟ್ಟದ್ದು ಅದಕ್ಕೆ ಕಾರಣ. ಬಿದ್ದ ಸಸಿ ಏಳುವುದಿಲ್ಲ. ಉಳಿದವುಗಳಿಗೆ ನೀರನ್ನು ಬೆಳಿಗ್ಗೆ ಮಾತ್ರ, ಟ್ರೇಯ ಕೆಳಗಿನಿಂದ ಕೊಡಿ. ಬಿತ್ತುವ ಮೊದಲೇ ಮಿಶ್ರಣಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಬೆರೆಸಿದರೆ ಹಾವಳಿ ಕಡಿಮೆ.

ನಾಲ್ಕೈದು ಎಲೆ ಬಂದಾಗ, ಸಾಮಾನ್ಯವಾಗಿ 25–30 ದಿನಕ್ಕೆ, ಈರುಳ್ಳಿಯಾದರೆ ಆರರಿಂದ ಎಂಟು ವಾರಕ್ಕೆ ನಾಟಿ ಮಾಡಿ. ಹಿಂದಿನ ಒಂದು ವಾರ ನೀರು ಸ್ವಲ್ಪ ಕಡಿಮೆ ಮಾಡಿ, ದಿನದಿನಕ್ಕೆ ಒಂದೆರಡು ಗಂಟೆ ಹೆಚ್ಚಿನ ಬಿಸಿಲು ತೋರಿಸಿ. ಹೂಕೋಸಿನ ಸಸಿಯನ್ನು ಆರು ವಾರ ದಾಟಿಸಬೇಡಿ. ಟ್ರೇಯಲ್ಲೇ ಬಲಿತ ಸಸಿ ನೆಟ್ಟ ಮೇಲೆ ಅಂಗಿಯ ಗುಂಡಿಯಷ್ಟು ಪುಟ್ಟ ಹೂ ಬಿಟ್ಟು ಕೆಲಸ ಮುಗಿಸುತ್ತದೆ. ತಳಿಯೂ ಕಾಲಕ್ಕೆ ತಕ್ಕುದಾಗಿರಬೇಕು: ಹೂ ಕಟ್ಟಲು ಚಳಿ ಬೇಕಾದ ತಡವಾದ ತಳಿಯನ್ನು ಸೆಕೆಯಲ್ಲಿ ನೆಟ್ಟರೆ ಬರೀ ಎಲೆ, ಬೇಗ ಬರುವ ತಳಿಯನ್ನು ಚಳಿಗೆ ನೆಟ್ಟರೆ ಅಂಥದೇ ಪುಟ್ಟ ಹೂ. ಬೀಜದ ಪೊಟ್ಟಣದ ಮೇಲೆ ಬೇಗದ್ದೋ ತಡದ್ದೋ ಎಂದು ಓದಿಯೇ ಕೊಳ್ಳಿ. ಅಂತರ 45 ಸೆಂ.ಮೀ. ಎರಡೂ ಕಡೆ. ಮಳೆಗೆ ತೊಳೆದ ಮರಳು ಮಣ್ಣಿನಲ್ಲಿ ಹೂ ಕಂದು ಬಣ್ಣಕ್ಕೆ ತಿರುಗಿ ಕಾಂಡ ಟೊಳ್ಳಾದರೆ ಬೋರಾನ್ ಕೊರತೆಯಿರಬಹುದು.

ಈರುಳ್ಳಿಯಲ್ಲಿ ಹಗಲಿನ ಉದ್ದವೇ ಯಜಮಾನ. 11–12 ಗಂಟೆ ಹಗಲಿಗೆ ಗಡ್ಡೆ ಕಟ್ಟುವ ಕಿರುಹಗಲಿನ ತಳಿಯನ್ನೇ ಆರಿಸಿ. 14 ಗಂಟೆ ಹಗಲು ಬೇಕಾದ ತಳಿ ಸಮಭಾಜಕಕ್ಕೆ ಹತ್ತಿರದ ನಾಡುಗಳಲ್ಲಿ ಎಷ್ಟು ಆರೈಕೆ ಮಾಡಿದರೂ ಗಡ್ಡೆ ಕಟ್ಟುವುದಿಲ್ಲ. ನಾಟಿಯ ಹೊತ್ತಿಗೆ ಸಸಿ ಪೆನ್ಸಿಲ್‌ಗಿಂತ ಸಣ್ಣಗಿರಲಿ. ದಪ್ಪನೆಯದು ಚಳಿ ತಾಗಿದೊಡನೆ ಹೂದಂಡು ಎತ್ತುತ್ತದೆ. ಬೆಳ್ಳುಳ್ಳಿಗೆ ದಪ್ಪ ಎಸಳು ಆರಿಸಿ, ಚೂಪು ತುದಿ ಮೇಲೆ, 5 ಸೆಂ.ಮೀ. ಆಳ, 10 ಸೆಂ.ಮೀ. ಅಂತರ.

ನಾಟಿ ಯಾವಾಗಲೂ ಸಂಜೆ. ಎರಡು ಗಂಟೆ ಮೊದಲು ಸಸಿಗೆ ನೀರು ಕುಡಿಸಿ, ಗುಣಿಗೂ ನೀರು ಹೊಯ್ದು, ಕೋಸಿನ ಸಸಿಯನ್ನು ಬೀಜದೆಲೆಯವರೆಗೆ, ಟೊಮೆಟೊವನ್ನು ಇನ್ನೂ ಆಳಕ್ಕೆ ಇಳಿಸಿ, ಬುಡ ಅದುಮಿ, ಅರ್ಧ ಲೀಟರ್ ನೀರು. ಅರ್ಧ ಬಿಸಿಲು ತಡೆಯುವ ನೆರಳು ಪರದೆಯನ್ನು ನಾಲ್ಕೈದು ದಿನ ಹಿಡಿದು ತೆಗೆದುಬಿಡಿ. ವಾರ ಕಳೆದರೂ ತೆಗೆಯದಿದ್ದರೆ ಸಸಿ ಬೆಳಕಿಗಾಗಿ ಉದ್ದುದ್ದ ಬೆಳೆದು ಸೋಲುತ್ತದೆ.

ನೀರು ಮತ್ತು ಹೊದಿಕೆ

ಬೇಸಿಗೆಯ ನೀರಿನ ವೇಳಾಪಟ್ಟಿಯನ್ನು ಹಾಗೆಯೇ ಮುಂದುವರಿಸುವುದು ಈ ಕಾಲದ ದೊಡ್ಡ ತಪ್ಪು. ಹಗಲು ಕಿರಿದಾದಂತೆ ಗಿಡದ ಬಾಯಾರಿಕೆ ಇಳಿಯುತ್ತದೆ. ಹನಿ ನೀರಾವರಿಯ ಟೈಮರ್ ಮಾತ್ರ ಬೇಸಿಗೆಯನ್ನೇ ನೆನಪಿಟ್ಟುಕೊಂಡಿರುತ್ತದೆ. ಕಡಿಮೆ ಮಾಡುವಾಗ ಸಲಗಳನ್ನು ಕಡಿಮೆ ಮಾಡಿ, ಒಂದು ಸಲದ ಪ್ರಮಾಣವನ್ನಲ್ಲ. ಬೆಳೆದ ತರಕಾರಿಗೆ ವಾರಕ್ಕೆ ಚದರ ಮೀಟರಿಗೆ 25 ಲೀಟರ್‌ನಿಂದ ಶುರುಮಾಡಿ, ಬೆರಳನ್ನು 5 ಸೆಂ.ಮೀ. ಚುಚ್ಚಿ ನೋಡುತ್ತ ಇಳಿಸುತ್ತ ಬನ್ನಿ. ಮರಳು ನೆಲದಲ್ಲಿ ಅದನ್ನೇ ಎರಡು ಕಂತು ಮಾಡಿ. ನಡುಹಗಲು ಎಲೆ ಬಾಡಿ ಸಂಜೆಗೆ ನಿಮಿರಿದರೆ ಚಿಂತೆಯಿಲ್ಲ, ಬೆಳಿಗ್ಗೆಯೇ ಬಾಡಿದ್ದರೆ ನೀರು ಬೇಕು, ಇಲ್ಲವೇ ಬೇರು ಕೊಳೆತಿದೆ.

ಹೊದಿಕೆಗೆ ಒಣ ಎಲೆ, ಹುಲ್ಲು 5–7 ಸೆಂ.ಮೀ. ದಪ್ಪ ಸಾಕು. ಕಾಂಡದಿಂದ ನಾಲ್ಕು ಬೆರಳು ದೂರವಿರಲಿ, ತಾಗಿದರೆ ತೊಗಟೆ ಕೊಳೆಯುತ್ತದೆ. ಮರದ ಚೂರು, ಗರಗಸದ ಹೊಟ್ಟು ಮೇಲೆ ಹಾಸಬಹುದು, ಮಣ್ಣಿಗೆ ಬೆರೆಸಬಾರದು. ಬೆರೆಸಿದರೆ ಅದನ್ನು ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕವನ್ನೇ ಕಸಿದುಕೊಂಡು ಗಿಡ ಹಳದಿಯಾಗುತ್ತದೆ. ಸಸಿ ಸಣ್ಣದಿರುವಾಗ ದಪ್ಪ ಹೊದಿಕೆ ಬೇಡ, ಅದರಡಿ ಬಸವನಹುಳು ಅಡಗುತ್ತದೆ.

ಉದುರಿದ ಎಲೆ ಸುಡಬೇಡಿ. ಒಣ ಎಲೆ ಮೂರು ಪಾಲು, ಹಸಿ ಕಳೆ ಮತ್ತು ಹುಲ್ಲು ಒಂದು ಪಾಲು, ಒಂದು ಮೀಟರ್ ಉದ್ದ ಅಗಲ ಎತ್ತರದ ಗುಡ್ಡೆ ಮಾಡಿ. ಇದಕ್ಕಿಂತ ಚಿಕ್ಕದಾದರೆ ಒಳಗೆ ಕಾವೇರುವುದಿಲ್ಲ. ಹಿಡಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಬರುವಷ್ಟು ತೇವ ಸರಿ. ನಡುವೆ 55–60 ಡಿಗ್ರಿ ಏರಿದರೆ ಕಳೆಬೀಜ ಸಾಯುತ್ತದೆ. ಆರಿದಾಗ ಹೊರಗಿನದನ್ನು ಒಳಕ್ಕೆ ಹಾಕಿ ಮಗುಚಿ.

ಯಾವ ಗಿಡ ಸವರಬೇಕು, ಯಾವುದಕ್ಕೆ ಕತ್ತರಿ ತಾಗಿಸಬಾರದು

ಕತ್ತರಿ ಹಿಡಿಯುವ ಮುನ್ನ ಒಂದೇ ಪ್ರಶ್ನೆ: ಇದು ಹೂ ಬಿಡುವುದು ಹೊಸ ಚಿಗುರಿನ ಮೇಲೋ, ಹಳೆಯ ರೆಂಬೆಯ ಮೇಲೋ? ದಾಸವಾಳ, ಗುಲಾಬಿ, ಸೀಬೆ ಹೊಸ ಚಿಗುರಿನಲ್ಲಿ ಬಿಡುತ್ತವೆ, ಸವರಬಹುದು. ವಸಂತದಲ್ಲಿ ಮೊದಲ ಹೂ ಕೊಡುವ ಪೊದೆಗಳು ಮೊಗ್ಗನ್ನು ಈಗಾಗಲೇ ರೆಂಬೆಯೊಳಗೆ ಹೊತ್ತಿರುತ್ತವೆ. ಅವನ್ನು ಈಗ ಅಂದವಾಗಿ ಕತ್ತರಿಸಿದರೆ ಮುಂದಿನ ಹೂವನ್ನೇ ಕತ್ತರಿಸಿದಂತೆ.

ಗುಲಾಬಿಯನ್ನು ಹಿಮ ಕಾಣದ ಕಡೆ ಈಗ ಸವರಿ. ಒಣ ರೆಂಬೆ, ಒಂದಕ್ಕೊಂದು ಉಜ್ಜುವ ರೆಂಬೆ, ಕಸಿಯ ಗಂಟಿನ ಕೆಳಗಿನಿಂದ ಎದ್ದ ಚಿಗುರು ಇಷ್ಟನ್ನೂ ಬುಡಕ್ಕೇ ತೆಗೆಯಿರಿ. ಉಳಿದವನ್ನು 45–60 ಸೆಂ.ಮೀ. ಎತ್ತರಕ್ಕೆ, ಹೊರಮುಖವಾದ ಕಣ್ಣಿನ (ಚಿಗುರೊಡೆಯುವ ಮೊಗ್ಗಿನ) ಅರ್ಧ ಸೆಂ.ಮೀ. ಮೇಲೆ, ಕಣ್ಣಿನ ಹಿಂಬದಿಗೆ ಇಳಿಜಾರಾಗುವಂತೆ ಕತ್ತರಿಸಿ. ಕಣ್ಣಿನಿಂದ ದೂರ ಕತ್ತರಿಸಿದರೆ ಮೇಲಿನ ತುಂಡು ಒಣಗಿ ರೋಗ ಕೆಳಗಿಳಿಯುತ್ತದೆ. ಆರೆಂಟು ವಾರಕ್ಕೆ ಹೂ. ಹಿಮದ ಭಯವಿರುವ ಕಡೆ ಈ ಕೆಲಸವನ್ನು ಚಳಿಗಾಲದ ಕೊನೆಗೆ ಮುಂದೂಡಿ, ಎಳೆ ಚಿಗುರು ಸುಟ್ಟುಹೋದೀತು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯ ಅಲಗನ್ನು 70 ಶೇಕಡಾ ಆಲ್ಕೋಹಾಲಿನಲ್ಲಿ ಒರೆಸಿ.

ಮಾವಿನ ಮರದ ವಿಷಯದಲ್ಲಿ ಜನ ಪ್ರೀತಿಯಿಂದಲೇ ತಪ್ಪು ಮಾಡುತ್ತಾರೆ. ಶರತ್ಕಾಲದಲ್ಲಿ ಗೊಬ್ಬರ ನೀರು ಕೊಟ್ಟು ಚೆನ್ನಾಗಿ ನೋಡಿಕೊಂಡರೆ ಮರ ಚಿಗುರುತ್ತದೆ, ಆದರೆ ಆ ಎಳೆ ಚಿಗುರು ಚಳಿಗಾಲಕ್ಕೆ ಹೂ ಬಿಡಲು ಬಲಿತಿರುವುದಿಲ್ಲ. ಸವರುವ ಕೆಲಸ ಕೊಯ್ಲಾದ ಕೂಡಲೇ ಆಗಬೇಕು. ಈಗ ಸಾರಜನಕ ನಿಲ್ಲಿಸಿ, ಬೆಳೆದ ಮರಕ್ಕೆ ನೀರೂ ನಿಲ್ಲಿಸಿ. ತಂಪು ರಾತ್ರಿ ಮತ್ತು ಒಣಗಾಳಿ ಮೊಗ್ಗನ್ನು ಹೂವಿನ ಕಡೆ ತಿರುಗಿಸುತ್ತವೆ. ಬೋಗನ್‌ವಿಲ್ಲಾ ಕೂಡ ಹಾಗೆಯೇ, ನೀರು ಹೆಚ್ಚಿದಷ್ಟೂ ಎಲೆ, ಸ್ವಲ್ಪ ಬಾಯಾರಿದರೆ ಬಣ್ಣ. ನಿಂಬೆ, ಕಿತ್ತಳೆಯಲ್ಲಿ ನೇರವಾಗಿ ಮೇಲೇರುವ ದಪ್ಪ ನೀರುಕವಲನ್ನು ಮಾತ್ರ ತೆಗೆಯಿರಿ.

ಹೊಸ ಮರ ನೆಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಗುಂಡಿಯ ಅಗಲ ಬೇರಿನ ಮುದ್ದೆಯ ಎರಡು ಮೂರು ಪಟ್ಟು, ಆಳ ಮಾತ್ರ ಮುದ್ದೆಯಷ್ಟೇ. ಕಾಂಡ ಬೇರಾಗಿ ಹರಡುವ ಜಾಗ ನೆಲದ ಮೇಲೆ ಕಾಣಬೇಕು. ಹೂತುಹೋದ ಮರ ಕೆಲವು ವರ್ಷ ಬದುಕಿ ಆಮೇಲೆ ಸೊರಗುತ್ತದೆ. ಕುಂಡದಲ್ಲಿ ಸುತ್ತಿಕೊಂಡ ಬೇರನ್ನು ನಾಲ್ಕು ಕಡೆ ಮೇಲಿಂದ ಕೆಳಗೆ ಸೀಳಿ. ಗುಂಡಿಗೆ ಗೊಬ್ಬರ ತುಂಬಬೇಡಿ, ತೆಗೆದ ಮಣ್ಣನ್ನೇ ಹಾಕಿ. ಒಳಗೇ ಸಾರ ಸಿಕ್ಕಿದರೆ ಬೇರು ಹೊರಗೆ ಹೋಗಲು ಒಪ್ಪುವುದಿಲ್ಲ. ಗೊಬ್ಬರ ಮೇಲೆ ಹರಡಿ, 15 ಲೀಟರ್ ನೀರು ನಿಧಾನವಾಗಿ ಇಂಗಿಸಿ.

ಸೇವಂತಿಗೆಗೆ ಕತ್ತಲೆ ಬೇಕು

ಸೇವಂತಿಗೆ ಸೊಂಪಾಗಿ ಬೆಳೆದು ಮೊಗ್ಗೇ ಬಿಡದಿದ್ದರೆ ರಾತ್ರಿ ಹೊರಗೆ ಬಂದು ನೋಡಿ, ಅದರ ಮೇಲೆ ಯಾವುದಾದರೂ ದೀಪ ಬೀಳುತ್ತಿದೆಯೇ ಎಂದು. ರಾತ್ರಿ ಉದ್ದವಾಯಿತೆಂದು ತಿಳಿದ ಮೇಲೆಯೇ ಅದು ಮೊಗ್ಗಿಡುವುದು. ಜಗಲಿಯ ಬಲ್ಬು, ಬೀದಿದೀಪದ ಬೆಳಕು ಸಾಕು, ಗಿಡಕ್ಕೆ ಬೇಸಿಗೆ ಮುಗಿದದ್ದೇ ತಿಳಿಯದು. ಕುಂಡವಾದರೆ ಸ್ಥಳ ಬದಲಿಸಿ, ನೆಲದ್ದಾದರೆ ದೀಪಕ್ಕೆ ಮರೆ ಕಟ್ಟಿ. ಕುಡಿ ಚಿವುಟುವುದನ್ನು ಈಗ ನಿಲ್ಲಿಸಿ. ಕೆಂಪು ಎಲೆಯ ಪಾಯಿನ್‌ಸೆಟಿಯಾಕ್ಕೂ ಇದೇ ಮಾತು.

ಕೀಟ, ರೋಗ

ಹಗಲು ಒಣ, ರಾತ್ರಿ ತಂಪು, ಬೆಳಿಗ್ಗೆ ತೇವ ಇದ್ದರೆ ಬೂದಿ ರೋಗ ಬಂದೇ ಬರುತ್ತದೆ. ಅದಕ್ಕೆ ಎಲೆ ನೆನೆಯಬೇಕೆಂದಿಲ್ಲ. ಬಿಳಿ ಚುಕ್ಕೆ ಕಂಡ ದಿನವೇ ಆ ಎಲೆ ಕಿತ್ತು, ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಸಿಂಪಡಿಸಿ. 32 ಡಿಗ್ರಿ ಮೇಲಿನ ಬಿಸಿಲಲ್ಲಿ ಗಂಧಕ ಎಲೆ ಸುಡುತ್ತದೆ. ಸೌತೆ ಜಾತಿಯ ಕೆಲವು ತಳಿಗಳಿಗೆ ಅದು ಆಗುವುದಿಲ್ಲ, ಎರಡು ಎಲೆಗೆ ಹಾಕಿ ಎರಡು ದಿನ ಕಾದು ನೋಡಿ. ಹಾಲು ಒಂದು ಪಾಲು, ನೀರು ಒಂಬತ್ತು ಪಾಲು ಬೆರೆಸಿ ವಾರಕ್ಕೊಮ್ಮೆ ಬಿಸಿಲಿರುವಾಗ ಸಿಂಪಡಿಸುವುದೂ ಆರಂಭದ ಹಂತದಲ್ಲಿ ಹಿಡಿತ ಕೊಡುತ್ತದೆ.

ಸಸ್ಯಹೇನು, ಬಿಳಿನೊಣಕ್ಕೆ ಬೇವಿನೆಣ್ಣೆ 5 ಮಿ.ಲೀ., ದ್ರವ ಸೋಪು 1 ಮಿ.ಲೀ., ನೀರು ಒಂದು ಲೀಟರ್. ಸೋಪನ್ನು ಮೊದಲು ಎಣ್ಣೆಗೆ ಕಲಸಿ, ಆಮೇಲೆ ಬೆಚ್ಚಗಿನ ನೀರು ಸೇರಿಸಿ. ನೀರಿಗೇ ಎಣ್ಣೆ ಹಾಕಿದರೆ ತೇಲುತ್ತದೆ, ಎಲೆಯ ಮೇಲೆ ಶುದ್ಧ ಎಣ್ಣೆ ಬಿದ್ದು ಸುಡುತ್ತದೆ. ಸಂಜೆ, ಎಲೆಯ ಕೆಳಮೈಗೆ ತಾಗುವಂತೆ ಸಿಂಪಡಿಸಿ. ಗಂಧಕ ಹಾಕಿ ಎರಡು ವಾರದೊಳಗೆ ಎಣ್ಣೆ ಹಾಕಬೇಡಿ. ಇರುವೆಗಳು ಗಿಡ ಏರುತ್ತಿದ್ದರೆ ಅವನ್ನೂ ತಡೆಯಿರಿ, ಹೇನಿನ ಸಿಹಿ ರಸಕ್ಕಾಗಿ ಅವು ಹೇನಿಗೆ ಕಾವಲಿರುತ್ತವೆ. ಕೋಸಿನ ಎಲೆಯಲ್ಲಿ ಸಣ್ಣ ಕಿಟಕಿಗಳಂಥ ತೂತು ಕಂಡರೆ ಕೆಳಗೆ ಹಸಿರು ಹುಳು ಇದೆ. ಆಯ್ದು ತೆಗೆಯಿರಿ, ಹೆಚ್ಚಾದರೆ ಬಿ.ಟಿ. ಎಂಬ ಬ್ಯಾಕ್ಟೀರಿಯದ ಪುಡಿಯನ್ನು ಪೊಟ್ಟಣದ ಮೇಲಿನ ಅಳತೆಯಲ್ಲಿ ಸಂಜೆ ಸಿಂಪಡಿಸಿ. ಬಿಸಿಲಿಗೆ ಅದರ ಬಲ ಬೇಗ ಕುಂದುತ್ತದೆ.

ಕುಂಡಗಳು, ಮತ್ತು ಚಳಿ ಕೊರೆಯುವ ರಾತ್ರಿ

ಕುಂಡದ ತೂತಿನಿಂದ ಬೇರು ಇಣುಕುತ್ತಿದ್ದರೆ ಈಗ ಬದಲಿಸಿ. ಮುದ್ದೆಯ ಸುತ್ತ, ತಳದಲ್ಲಿ ಎರಡು ಮೂರು ಸೆಂ.ಮೀ. ಬೇರು ಕತ್ತರಿಸಿ ಹೊಸ ಮಣ್ಣು ತುಂಬಿ, ಅಂಚಿಗೆ ಎರಡು ಬೆರಳು ಜಾಗ ಬಿಡಿ. ತಳಕ್ಕೆ ಜಲ್ಲಿ ಹಾಕುವ ರೂಢಿಯಿಂದ ಬಸಿಯುವುದು ಸುಧಾರಿಸುವುದಿಲ್ಲ. ನೀರು ನಿಲ್ಲುವ ಪದರ ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೇ ಬರುತ್ತದೆ.

ಬೆಚ್ಚನೆಯ ಸೀಮೆಯಲ್ಲೂ ಕೆಲವು ಕಡೆ ಶರತ್ಕಾಲದ ಕೊನೆಗೆ ಒಂದೆರಡು ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಮೋಡವಿಲ್ಲದೆ, ಗಾಳಿಯೂ ಇಲ್ಲದೆ ಸಂಜೆಯೇ ಚಳಿ ಇಳಿದರೆ ಎಚ್ಚರ. ಆ ದಿನ ಮಧ್ಯಾಹ್ನವೇ ಮಣ್ಣಿಗೆ ನೀರು ಕೊಡಿ, ಒದ್ದೆ ಮಣ್ಣು ಹಗಲಿನ ಕಾವನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಬಟ್ಟೆಯನ್ನು ನೆಲ ಮುಟ್ಟುವವರೆಗೆ ಹೊದಿಸಿ. ಕಾಂಡಕ್ಕೆ ಕಟ್ಟಿದರೆ ನೆಲದ ಕಾವು ಒಳಗೆ ಬರುವುದಿಲ್ಲ. ಪ್ಲಾಸ್ಟಿಕ್ ಎಲೆಗೆ ತಾಗಬಾರದು, ತಾಗಿದಲ್ಲೇ ಸುಡುತ್ತದೆ. ಬಿಸಿಲೇರಿದೊಡನೆ ಹೊದಿಕೆ ತೆಗೆಯಿರಿ. ಹೆಪ್ಪುಗಟ್ಟಿ ಕಪ್ಪಾದ ಎಲೆ ರೆಂಬೆಗಳನ್ನು ಮರುದಿನವೇ ಕತ್ತರಿಸಬೇಡಿ. ಅವು ಅಸಹ್ಯವಾಗಿ ಕಂಡರೂ ಮುಂದಿನ ಚಳಿಗೆ ಕೆಳಗಿನ ಕಣ್ಣುಗಳಿಗೆ ಮರೆಯಾಗುತ್ತವೆ. ಹೊಸ ಚಿಗುರು ಎಲ್ಲಿಂದ ಒಡೆಯುತ್ತದೆಂದು ಕಂಡ ಮೇಲೆ, ಅದರ ಮೇಲ್ಭಾಗಕ್ಕೆ ಕತ್ತರಿಸಿ.